ಒಣಗಿದ ಗದ್ದ

ರಾಜಾಜಿನಗರ, ಬೆಂಗಳೂರು
18-1-1976

ಸತ್ಯವತಿಗೆ,

ನಾನು ಕ್ಷೇಮ, ನಿನ್ನ ಅಮ್ಮ ಕ್ಷೇಮ, ಕಿಟ್ಟಿ ಒದ್ದೆ.

ವರ್ಗವಾಗಿ ನೀನು ಬೀದರಿನ ರೈಲು ಹತ್ತಿದ ಮೇಲೆ ಇಲ್ಲಿ ಎರಡು ಸಂಗತಿ ನಡೆದಿವೆ. ಮೊದಲನೆಯದು, ಹೆಡ್‌ಮಾಸ್ಟರ್ ಗಂಗಾಧರಯ್ಯನವರು ಕಡೆಗೂ ಬಾಯಿಬಿಟ್ಟರು. ಕಿಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅರ್ಧ ದಿನ ಅವರ ಕೋಣೆಯ ಮುಂದೆ ಕಾದಿದ್ದೆ.

"ನೋಡಿ ಪುರುಷೋತ್ತಮ ಅವರೇ, ನಡಿಗೆ ಸೊಟ್ಟ ಇದ್ರೆ ಇರ್ಲಿ, ಕೈ ತಿರುಚಿದ್ರೆ ತಿರುಚ್ಲಿ. ಬುದ್ಧಿ ಇದೆ, ಕಣ್ಣಲ್ಲೇ ಕಾಣತ್ತೆ. ಆದ್ರೆ ಈ ಜೊಲ್ಲು! ಪಕ್ಕದಲ್ಲಿ ಕೂತ ಮಗು ಮನೇಲಿ ಹೋಗಿ ಹೇಳಿದ್ರೆ ಮಾರನೇ ದಿನ ಅಪ್ಪಂದಿರೆಲ್ಲ ನನ್ನ ಬಾಗಿಲಲ್ಲಿ ಇರ್ತಾರೆ. ಜೂನ್‌ನಲ್ಲಿ ಕರ್ಕೊಂಡ್ ಬನ್ನಿ. ಒಂದು ಪೀರಿಯಡ್ ಕ್ಲಾಸಲ್ಲಿ ಕೂತ್ಕೊಳ್ಲಿ. ಅಂಗಿ ಒಣಗಿದ್ರೆ ಅವತ್ತೇ ಹೆಸರು ಬರ್ಕೋತೀನಿ."

ಏಳು ವರ್ಷದ ಮಗನಿಗೆ ಮೊದಲ ಪರೀಕ್ಷೆ. ವಿಷಯ ಒಂದೇ, ಪಠ್ಯಪುಸ್ತಕವಿಲ್ಲ.

ಎರಡನೆಯದು, ಆಸ್ಪತ್ರೆಯ ಡಾಕ್ಟರ್ ಪದ್ಮನಾಭ. ಔಷಧಿ ಬರೆಯುವವರಲ್ಲ, ಅಭ್ಯಾಸ ತಿದ್ದುವವರು. ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು ಎಂದು ಹೇಳಿದ್ದಕ್ಕೆ, "ಹಾಗಾದ್ರೆ ನಿಮಗೆ ತಾಳ್ಮೆ ಇದೆ" ಎಂದರು. ಹುಟ್ಟುವಾಗ ಮೆದುಳಿಗೆ ಬಿದ್ದ ಪೆಟ್ಟಿಗೆ ಮದ್ದಿಲ್ಲವಂತೆ. ಆದರೆ ಕಿಟ್ಟಿಯ ಬಾಯಲ್ಲಿ ನಮಗಿಂತ ಹೆಚ್ಚಿನ ಜೊಲ್ಲೇನೂ ಊರುವುದಿಲ್ಲವಂತೆ. ನಾವು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ, ಅವನಿಗೆ ನುಂಗುವುದು ನೆನಪಾಗುವುದಿಲ್ಲ. ಆದ್ದರಿಂದ ನೆನಪು ಮಾಡಬೇಕು. ನುಂಗಿದ ತಕ್ಷಣ ಅವನಿಗೆ ಇಷ್ಟವಾದದ್ದು ಏನಾದರೂ ಕೊಡಬೇಕು. ತನ್ನ ಗದ್ದ ಒಣಗಿದೆಯೋ ಇಲ್ಲವೋ ಅವನೇ ಮುಟ್ಟಿ ನೋಡಿಕೊಳ್ಳಬೇಕು. ಬೈಯಬಾರದು, ಹೊಡೆಯಬಾರದು.

ನೆನಪು ಮಾಡಲು ಒಂದು ಪದ್ಯ ಕಟ್ಟಿದ್ದೇನೆ. ನಗಬೇಡ.

ತುಟಿಯ ಮುಚ್ಚು, ನುಂಗು ಜೊಲ್ಲ,
ಗದ್ದ ಒಣಗಿದ್ರೆ ಚೂರು ಬೆಲ್ಲ.

ಪುರುಷೋತ್ತಮ


ಬೀದರ್
29-1-1976

ಇವರಿಗೆ ನಮಸ್ಕಾರ.

ಪದ್ಯಕ್ಕೆ ನಕ್ಕೆ, ಬೆಲ್ಲಕ್ಕೆ ನಗು ಬರಲಿಲ್ಲ. ಬೆಲ್ಲ ಕಂಡರೆ ಬಾಯಲ್ಲಿ ನೀರೂರುವುದಿಲ್ಲವೇ? ಜೊಲ್ಲು ನಿಲ್ಲಿಸಲು ಜೊಲ್ಲು ಬರಿಸುವ ಪದಾರ್ಥ! ಅಮ್ಮನಾದರೂ ಹೇಳಬಾರದಿತ್ತೇ?

ಇಲ್ಲಿ ಒಂಬತ್ತನೇ ತರಗತಿಗೆ ಕನ್ನಡ ಹೇಳುತ್ತಿದ್ದೇನೆ. ನಾನು "ಹೋಗ್ತಾ ಇದೀನಿ" ಎಂದರೆ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಕೋಣೆ ಪರವಾಗಿಲ್ಲ. ಮನೆಯೊಡತಿ ಮುದುಕಿ, ಒಳ್ಳೆಯವಳು.

ಒಂದು ಕೆಲಸ ಮಾಡಿ. ಪ್ರತಿ ಕಾಗದದಲ್ಲಿ ಕಿಟ್ಟಿ ಏನೇನು ಮಾತಾಡಿದ ಎಂದು ಬರೆಯಿರಿ. ನಾನು ಬರುವಾಗ ಅವನ ಹತ್ತಿರ "ಆಮ್ಮ" ಇತ್ತು, ಬಸ್ಸಿಗೆ "ಬತ್ಸು" ಇತ್ತು, ನೀರಿಗೆ "ಈಯಿ" ಇತ್ತು. ನಿಮ್ಮನ್ನು "ಪಾ" ಎನ್ನುತ್ತಿದ್ದ. ಮಗುವಿನ ಮುಖ ದೂರದಲ್ಲೂ ನೆನಪಿರುತ್ತದೆ, ದನಿ ಮಾತ್ರ ಕೈತಪ್ಪುತ್ತಿದೆ.

ಸತ್ಯವತಿ


ರಾಜಾಜಿನಗರ
15-2-1976

ಸತ್ಯವತಿಗೆ,

ಬೆಲ್ಲದ ವಿಷಯದಲ್ಲಿ ನೀನೂ ಡಾಕ್ಟರೂ ಒಂದೇ ಮಾತು ಆಡಿದಿರಿ. ಅವರು ಸ್ವಲ್ಪ ಮೆತ್ತಗೆ ಆಡಿದರು. "ತಿನ್ನೋದು ಬೇಡ, ಬೇರೆ ಏನು ಇಷ್ಟ ಅವನಿಗೆ?" ಎಂದರು. ಕಿಟ್ಟಿಯೇ ತೋರಿಸಿಕೊಟ್ಟ. ಬಾಗಿಲಲ್ಲಿ ನಿಂತಿದ್ದ ನನ್ನ ಸೈಕಲ್ಲಿನ ಬೆಲ್ಲನ್ನು ಅಂಗೈ ಬುಡದಿಂದ ಗುದ್ದಿ ಬಾರಿಸಿ, ಯಾರೋ ದೊಡ್ಡ ವಿದ್ವಾಂಸರ ಹಾಗೆ ನಮ್ಮ ಕಡೆ ನೋಡಿದ. ಈಗ ಬೆಲ್ಲು ಸೈಕಲ್ಲಿನಿಂದ ಕಳಚಿ ಒಂದು ಹಲಗೆಯ ಮೇಲೆ ಕೂತಿದೆ. ನುಂಗಿದರೆ ಒಂದು ಸಲ ಬಾರಿಸಬಹುದು. ಪದ್ಯದಲ್ಲಿ ಜೊಲ್ಲನ್ನೂ ಬೆಲ್ಲವನ್ನೂ ಒಂದೊಂದು ಕೊಂಬು ಕೊಟ್ಟು ತಿದ್ದಿದ್ದೇನೆ.

ತುಟಿಯ ಮುಚ್ಚು, ನುಂಗು ಜೊಲ್ಲು,
ಗದ್ದ ಒಣಗಿದ್ರೆ ಸೈಕಲ್ ಬೆಲ್ಲು.

ಕಾಮಾಕ್ಷಿಪಾಳ್ಯದಿಂದ ಹಾಲು ತರುವ ಪಾಪಮ್ಮ ಹೊಸಿಲಲ್ಲೇ ನಿಂತು, "ಏನ್ ಸ್ವಾಮಿ, ಮನೆ ಒಳಗೇ ಬೆಲ್ ಹೊಡೀತೀರಾ, ಯಾರಿಗ್ ದಾರಿ ಬಿಡಬೇಕು ನಾವು?" ಎಂದಳು. ನಿನ್ನ ಅಮ್ಮ ಅವಳಿಗೆ ಎಲ್ಲವನ್ನೂ ವಿವರಿಸಿದರು. ಅಲ್ಲಿಗೆ ಪದ್ಯ ವಠಾರಕ್ಕೆಲ್ಲ ತಿಳಿಯಿತು. ಈಗ ಮಕ್ಕಳು ಕುಂಟೆಬಿಲ್ಲೆಗೂ ಅದನ್ನೇ ಹಾಡುತ್ತಾರೆ. ಕಿಟ್ಟಿಯ ಬಾಯಿ ಒಂದು ಚೂರು ತೆರೆದರೆ ಸಾಕು, ಏಳೆಂಟು ಕಂಠಗಳು, "ತುಟಿಯ ಮುಚ್ಚೂ..." ನಾನು ಇಷ್ಟು ವರ್ಷ ಬರೆದ ಪದ್ಯಗಳಲ್ಲಿ ಜನ ಬಾಯಿಪಾಠ ಮಾಡಿದ್ದು ಇದೊಂದೇ.

ಎಮರ್ಜೆನ್ಸಿ ಬಂದ ಮೇಲೆ ಬಸ್ಸುಗಳ ಹಿಂದೆಲ್ಲ "ಮಾತು ಕಡಿಮೆ, ಹೆಚ್ಚು ದುಡಿಮೆ" ಎಂದು ಬರೆದಿದೆ. ಪ್ರಾಸ ಚೆನ್ನಾಗಿದೆ. ಅಚ್ಚುಮನೆಯಲ್ಲೂ ಎಲ್ಲರೂ ತುಟಿ ಮುಚ್ಚಿಕೊಂಡು ನುಂಗುತ್ತಿದ್ದೇವೆ, ಬೆಲ್ಲೂ ಇಲ್ಲದೆ.

ಪುರುಷೋತ್ತಮ


ಬೀದರ್
25-2-1976

ಇವರಿಗೆ,

ಬೆಲ್ಲಿನ ಸುದ್ದಿ ಓದಿ ಸಂತೋಷವಾಯಿತು. ಕಾಗದವನ್ನು ಮನೆಯೊಡತಿಗೂ ಓದಿ ಹೇಳಿದೆ.

ಆದರೆ ನಾನು ಕೇಳಿದ್ದಕ್ಕೆ ಉತ್ತರವಿಲ್ಲ. ಕಿಟ್ಟಿ ಏನು ಮಾತಾಡುತ್ತಿದ್ದಾನೆ?

ವರ್ಗಾವಣೆಗೆ ಇನ್ನೊಂದು ಅರ್ಜಿ ಕೊಡುತ್ತೇನೆ. ಸ್ಕೂಲ್ ಇನ್‌ಸ್ಪೆಕ್ಟರು ಮುಂದಿನ ವಾರ ಬರುತ್ತಾರಂತೆ. ಎದುರಿಗೇ ಕೇಳಿಬಿಡುತ್ತೇನೆ.

ಸತ್ಯವತಿ


ರಾಜಾಜಿನಗರ
2-4-1976

ಸತ್ಯವತಿಗೆ,

ಬರೆಯುವುದು ತಡವಾಯಿತು. ಪಠ್ಯಪುಸ್ತಕಗಳ ಕರಡು ಬೆಟ್ಟದಷ್ಟು ಬಿದ್ದಿತ್ತು.

ಯುಗಾದಿಯ ದಿನ ಕಿಟ್ಟಿಗೆ ಹಳದಿ ಅಂಗಿ ತೊಡಿಸಿದೆವು. ಬೆಳಿಗ್ಗೆ ತೊಟ್ಟದ್ದನ್ನು ಸಂಜೆ ಬಿಚ್ಚುವಾಗಲೂ ಕೊರಳು ಒಣಗಿತ್ತು ಕಣೇ! ನಿನ್ನ ಅಮ್ಮ ಅಂಗಿಯನ್ನು ಕೆನ್ನೆಗೊತ್ತಿಕೊಂಡು ಅತ್ತರು. ಎದುರುಮನೆ ಲಕ್ಷ್ಮೀಪತಿ, "ಏನ್ರೀ ಪುರುಷೋತ್ತಮ್, ಹುಡ್ಗ ಗೆದ್ದ ಬಿಡ್ರಿ" ಎಂದು ನನ್ನ ಕೈ ಕುಲುಕಿದ. ಬೇವು ಬಾಯಿಗಿಟ್ಟಾಗ ಕೂಡ ಕಿಟ್ಟಿ ಹೋದ ವರ್ಷದಂತೆ ಕಿರುಚಲಿಲ್ಲ. ತುಟಿ ಬಿಗಿಹಿಡಿದು ನುಂಗಿದ. ಕಣ್ಣಲ್ಲಿ ಮಾತ್ರ ನೀರು ಬಂತು.

ಈಗ ಬಹಳ ಶಾಂತವಾಗಿದ್ದಾನೆ. ಹಟವಿಲ್ಲ, ರಂಪವಿಲ್ಲ. ನೀನು ಮಾತಿನ ವಿಷಯ ಕೇಳಿದ್ದೆ. ಎಲ್ಲಾ ಒಂದೊಂದಾಗಿ ಆಗಬೇಕಲ್ಲ. ಬೇಸಿಗೆ ರಜೆಗೆ ಬರುತ್ತೀಯಲ್ಲ, ನೀನೇ ನೋಡುವೆಯಂತೆ.

ಬರಲಿ ಜೂನು, ಕಾಯುವೆ ನಾನು.

ಪುರುಷೋತ್ತಮ


ಬೀದರ್
9-4-1976

ಇವರಿಗೆ,

ರಜೆಗೆ ಬರಲಾಗುವುದಿಲ್ಲ. ಕಾರಣ ಕೇಳಬೇಡಿ.

18ನೇ ತಾರೀಕು ಭಾನುವಾರ ಬೆಳಿಗ್ಗೆ ಲಕ್ಷ್ಮೀಪತಿಯವರ ಮನೆಗೆ ಟ್ರಂಕ್ ಕಾಲ್ ಹಾಕುತ್ತೇನೆ. ಕಿಟ್ಟಿಯನ್ನು ಫೋನಿನ ಹತ್ತಿರ ಕೂರಿಸಿ. ನನಗೆ ಅವನ ದನಿ ಕೇಳಬೇಕು. ಬೇರೇನೂ ಬೇಡ.

ಸತ್ಯವತಿ


ರಾಜಾಜಿನಗರ
15-4-1976

ಸತ್ಯವತಿಗೆ,

ಟ್ರಂಕ್ ಕಾಲ್ ಬೇಡ. ಇನ್ನೊಬ್ಬರ ಮನೆ, ಗದ್ದಲ, ಮಗು ಗಾಬರಿಯಾಗುತ್ತಾನೆ. ಮೇಷ್ಟ್ರುಗಳಿಗೆಲ್ಲ ಬೇಸಿಗೆ ರಜೆ ಇರುತ್ತದೆ, ನಿನಗೊಬ್ಬಳಿಗೆ ಇಲ್ಲವೆಂದರೆ ನಾನು ಏನೆಂದು ತಿಳಿಯಲಿ? ಇಲ್ಲಿಯ ಒದ್ದೆ ಬಟ್ಟೆ ಸಾಕಾಗಿದ್ದರೆ ಹಾಗೇ ಹೇಳಿಬಿಡು. ಎರಡು ತಿಂಗಳ ರಜೆಗೆ ಬರಲು ಮನಸ್ಸಾಗದವಳಿಗೆ ಮೂರು ನಿಮಿಷದ ಫೋನು ಯಾಕೆ?

ಪುರುಷೋತ್ತಮ


ಬೀದರ್
19-4-1976

ನಿಮ್ಮ ಕಾರ್ಡು ಇವತ್ತು ಬಂತು. ಫೋನು ನಿನ್ನೆಯೇ ಮುಗಿದಿತ್ತು. ಕಾರ್ಡಿಗೆ ಈಗ ಉತ್ತರ ಕೊಡುವುದಿಲ್ಲ.

ಪೋಸ್ಟಾಫೀಸಿನ ಆ ಪೆಟ್ಟಿಗೆಯಂಥ ಕೋಣೆಯಲ್ಲಿ ನಿಂತು ಏನು ಕೇಳಿದೆನೆಂದು ಬರೆಯುತ್ತೇನೆ, ಓದಿ. ಮೊದಲು ನೀವು, "ಹಾ, ಕೊಟ್ಟೆ, ಮಾತಾಡು" ಎಂದಿರಿ. ನಾನು "ಕಿಟ್ಟೀ, ಅಮ್ಮ ಕಣೋ" ಎಂದೆ. ಉಸಿರು ಕೇಳಿಸಿತು. ಮತ್ತೆ "ಕಿಟ್ಟೀ" ಎಂದೆ. ಅವನು "ಆ" ಎಂದ. ಸತ್ಯವಾಗಿ ಎಂದ, ನನಗೆ ಭ್ರಮೆಯಲ್ಲ. ಅಷ್ಟರಲ್ಲಿ ಹಿಂದಿನಿಂದ ಮಕ್ಕಳು, ಲಕ್ಷ್ಮೀಪತಿಯವರ ಹೆಂಡತಿ, ನನ್ನ ಹೆತ್ತಮ್ಮ, ಎಲ್ಲರೂ ಒಟ್ಟಿಗೆ, "ತುಟಿಯ ಮುಚ್ಚು!" ಆಮೇಲೆ ಏನೂ ಇಲ್ಲ. ಉಸಿರೂ ಇಲ್ಲ. ಯಾರೋ "ಭೇಷ್" ಎಂದರು. ಬೆಲ್ಲು ಬಾರಿಸಿತು.

ನನ್ನ ಮಗ ನನ್ನನ್ನು ಕರೆಯಲು ಬಾಯಿ ತೆರೆದಿದ್ದ. ಅದನ್ನು ಮುಚ್ಚಿಸಿ ಬಹುಮಾನ ಕೊಟ್ಟಿರಿ.

ಎಷ್ಟು ದಿನದಿಂದ ಅವನು ಮಾತಾಡಿಲ್ಲ? ಶಾಂತವಾಗಿದ್ದಾನೆ ಎಂದು ಬರೆದಿದ್ದಿರಲ್ಲ, ಅದರ ಅರ್ಥ ಇದೇನಾ?

ಸತ್ಯವತಿ


ರಾಜಾಜಿನಗರ
2-5-1976

ಸತ್ಯವತಿಗೆ,

ಶಿವರಾತ್ರಿಯ ಆಚೆಈಚೆಯಿಂದ. "ಬತ್ಸು" ಮೊದಲು ಹೋಯಿತು. ಆಮೇಲೆ "ಈಯಿ". ನೀರು ಬೇಕಾದರೆ ಲೋಟ ತೋರಿಸುತ್ತಿದ್ದ, ನಾವು ಜಾಣ ಎಂದೆವು. "ಪಾ" ಯಾವತ್ತು ಹೋಯಿತೆಂದು ನನಗೆ ಗೊತ್ತಿಲ್ಲ. ಅಂಗಿಯ ಕೊರಳನ್ನೇ ನೋಡುತ್ತಿದ್ದೆ.

ನಿನ್ನ ಕಾಗದ ಬಂದ ಮಾರನೆಯ ದಿನ ರಜೆ ಹಾಕಿ ಡಾಕ್ಟರ ಬಳಿಗೆ ಹೋದೆ. ಅವರಿಗೂ ಇಷ್ಟು ದಿನ ಒಣಗಿದ ಗದ್ದವನ್ನಷ್ಟೇ ತೋರಿಸಿದ್ದೆ.

"ಬಾಯಿ ತೆಗೆದಾಗಲೆಲ್ಲಾ ಹೇಳ್ತಿದ್ರಾ?"

"ನಾನು ಜೊಲ್ಲು ಬಂದಾಗ ಮಾತ್ರ ಸಾರ್. ವಠಾರದವರು ಬಾಯಿ ತೆಗೆದಾಗಲೆಲ್ಲ."

"ವಠಾರದವರಿಗೆ ಯಾಕ್ರೀ ಕಲಿಸಿದ್ರಿ?"

"ಕಲಿಸ್ಲಿಲ್ಲ ಸಾರ್. ಪದ್ಯ ಸ್ವಲ್ಪ ಚೆನ್ನಾಗಿ ಬಂದ್ಬಿಟ್ಟಿತ್ತು."

ಅವರು ನಗಲಿಲ್ಲ. ಕಿಟ್ಟಿಯ ಮುಂದೆ ಮೊಣಕಾಲೂರಿ ಕೂತು, "ಹೆಸರೇನಪ್ಪ?" ಎಂದು ಕೇಳಿದರು. ಕಿಟ್ಟಿ ತುಟಿ ಮುಚ್ಚಿ, ನುಂಗಿ, ಬೆಲ್ಲಿಗಾಗಿ ಸುತ್ತ ನೋಡಿದ. ಡಾಕ್ಟರು ಎದ್ದು, "ಜೊಲ್ಲು ನುಂಗೋದ್ರ ಜೊತೆಗೆ ಸುಮ್ನಿರೋದನ್ನೂ ಕಲ್ತಿದಾನೆ. ಅದಕ್ಕೂ ಬೆಲ್ ಹೊಡೆದಿದೀರಿ" ಎಂದರು.

ಈಗ ಹೊಸ ಕ್ರಮ ಹೇಳಿದ್ದಾರೆ. ಪದ್ಯ ಬಂದ್. ನುಂಗು ಎನ್ನುವುದಕ್ಕೆ ನಾನೊಬ್ಬ ನನ್ನ ಗದ್ದ ಮುಟ್ಟಿಕೊಂಡು ಸನ್ನೆ ಮಾಡಬೇಕು, ಬೇರೆ ಯಾರೂ ಅಲ್ಲ. ಅವನು ನುಂಗಬೇಕು, ಆಮೇಲೆ ಬಾಯಿ ತೆರೆದು ಯಾವುದಾದರೂ ಶಬ್ದ ಮಾಡಬೇಕು. ಬೆಲ್ಲು ಶಬ್ದಕ್ಕೆ, ಮೌನಕ್ಕಲ್ಲ. ಹಾಗೆ ಮಾಡಿದರೆ ಮಾತು ಬರುತ್ತದೆ, ಆದರೆ ಜೊಲ್ಲೂ ಸ್ವಲ್ಪ ಕಾಲ ಹಿಂದಕ್ಕೆ ಬರುತ್ತದೆ. ಎಷ್ಟು ಕಾಲ ಎಂದರೆ ಹೇಳಲಾರರು. ಜೂನಿನೊಳಗೆ ಎರಡೂ ಸರಿಹೋಗುತ್ತವೆಂಬ ಭರವಸೆ ಕೊಡುವುದಿಲ್ಲ ಎಂದರು.

ಇಲ್ಲಿ ನನಗೆ ಕೈಕಾಲು ಆಡುತ್ತಿಲ್ಲ. ಇನ್ನು ಆರು ವಾರ. ಈಗಿರುವ ಹಾಗೆಯೇ ಬಿಟ್ಟರೆ ಅವನು ಪೀರಿಯಡ್ ಪೂರ್ತಿ ಒಣಗಿ ಕೂರುತ್ತಾನೆ, ಹೆಸರು ದಾಖಲಾಗುತ್ತದೆ. ಆಮೇಲೆ ಬಾಯಿ ತೆರೆಸಿದರೆ ಆಗದೇ? ಒಂದು ಸಲ ಸೇರಿದವನನ್ನು ಗಂಗಾಧರಯ್ಯ ಹೊರಗೆ ಹಾಕಲಾರರು. ಈ ಶಾಲೆ ತಪ್ಪಿದರೆ ಸುತ್ತಮುತ್ತ ಇನ್ನೊಂದಿಲ್ಲ. ವಿಜಯನಗರ, ಬಸವೇಶ್ವರನಗರ ಎಲ್ಲಾ ಅಲೆದದ್ದು ನಿನಗೇ ಗೊತ್ತು. ನೀನೇ ಹೇಳು.

ಪುರುಷೋತ್ತಮ


ಬೀದರ್
10-5-1976

ಇವರಿಗೆ,

ರಜೆಗೆ ಯಾಕೆ ಬರಲಿಲ್ಲವೆಂದರೆ, ಮಾರ್ಚಿನಲ್ಲಿ ಮೇಷ್ಟ್ರುಗಳ ಸಭೆಯಲ್ಲಿ ಎದ್ದುನಿಂತು ಇನ್‌ಸ್ಪೆಕ್ಟರನ್ನು ವರ್ಗಾವಣೆ ಕೇಳಿದೆ. "ದೇಶವೆಲ್ಲ ಶಿಸ್ತಿನಾಗೈತಿ, ನಿಮಗೊಬ್ಬರಿಗೆ ಮನಿ ನೆನಪಾಗ್ತದೇನು?" ಎಂದರು. "ಮನೇಲಿ ಮಗ ಇದಾನೆ ಸಾರ್, ಅದಕ್ಕೆ ನೆನಪಾಗತ್ತೆ" ಎಂದೆ. ಎಲ್ಲರೂ ತಲೆ ತಗ್ಗಿಸಿದರು. ಮಾರನೆಯ ದಿನ ಮೆಮೋ ಬಂತು. ಬೇಸಿಗೆ ಪೂರ್ತಿ ಶಾಲೆಯ ಕಟ್ಟಡ ಕಾಯುವ ಕೆಲಸ ನನ್ನದು. ಖಾಲಿ ಬೆಂಚುಗಳ ನಡುವೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ನಿಮಗೆ ಹೇಳಿದರೆ ಕೆಲಸದ ಭಯಕ್ಕೆ ನಿದ್ದೆಗೆಡುತ್ತೀರಿ ಎಂದು ಮುಚ್ಚಿಟ್ಟೆ. ಒದ್ದೆ ಬಟ್ಟೆಗೆ ಹೇಸಿ ಅಲ್ಲ.

ಅದಾದ ಮೇಲೆ ನಾನು ಯಾವ ಸಭೆಯಲ್ಲೂ ಮಾತಾಡಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನನ್ನು ಹೊಗಳುತ್ತಾರೆ. ಸತ್ಯವತಿ ಈಗ ಶಾಂತವಾಗಿದ್ದಾಳೆ ಎನ್ನುತ್ತಾರೆ.

ನನ್ನನ್ನು ಕೇಳಿದಿರಿ, ಹೇಳುತ್ತೇನೆ. ನನಗೆ ಶಾಲೆಯೂ ಬೇಕು, ಮಾತೂ ಬೇಕು. ಒಂದೇ ಸಿಗುವುದಾದರೆ ಮಾತು. ಇನ್ನು ಆರು ವಾರ ಬಾಯಿ ಮುಚ್ಚಿದವನು ಏಳನೇ ವಾರ ತೆರೆಯುತ್ತಾನೆಂದು ನಿಮಗೆ ಯಾರು ಹೇಳಿದರು?

ಸತ್ಯವತಿ


ರಾಜಾಜಿನಗರ
6-6-1976

ಸತ್ಯವತಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಏನಾದರೂ ಸಿಗಲಿ ಎಂದು ಕಾದೆ.

ವಠಾರದ ಮಕ್ಕಳನ್ನು ಸೇರಿಸಿ ಪದ್ಯ ಮರೆಯಿರಿ ಎಂದು ಬೇಡಿಕೊಂಡೆ. ಬರೆದವನೇ ಬಂದು ಮರೆಯಿರಿ ಎಂದರೆ ಮಕ್ಕಳು ಮರೆಯುತ್ತವೆಯೇ? ಕಡೆಗೆ ನಿನ್ನ ಅಮ್ಮ ಬಾಗಿಲಲ್ಲಿ ಕೂತು, ಹಾಡಿದವರಿಗೆ ಹಲಸಿನ ತೊಳೆ ಇಲ್ಲ ಎಂದರು. ಮರೆತರು.

ಕಿಟ್ಟಿ ಮತ್ತೆ ಒದ್ದೆ, ಮೊದಲಿನಷ್ಟಲ್ಲ. ಸನ್ನೆ ಕಂಡರೆ ನುಂಗುತ್ತಾನೆ. ಆಮೇಲೆ ಬಾಯಿ ತೆರೆಯಲು ಹೆದರಿ ನನ್ನ ಮುಖ ನೋಡುತ್ತಾನೆ. ಆ ನೋಟ ನನಗೆ ತಡೆಯಲಾಗುವುದಿಲ್ಲ. ಮೊನ್ನೆ ಒಮ್ಮೆ ಬಾಯಿ ತೆರೆದು "ಹೂಂ" ಎಂದ. ನಾವು ಬೆಲ್ಲು ಬಾರಿಸಿದ್ದೇ ಬಾರಿಸಿದ್ದು, ಆ ಸದ್ದಿಗೆ ಲಕ್ಷ್ಮೀಪತಿ ಎದ್ದು ಬಂದ. ಮಾತು ಎನ್ನುವಂಥದ್ದು ಇನ್ನೂ ಬಂದಿಲ್ಲ.

14ನೇ ತಾರೀಕು ಪರೀಕ್ಷೆ. ಕಿಟಕಿಯ ಹೊರಗೆ ನಿಲ್ಲಲು ಗಂಗಾಧರಯ್ಯ ಒಪ್ಪಿದ್ದಾರೆ. ನನಗೆ ಸನ್ನೆ ಮಾಡಲು ಅಷ್ಟು ಸಾಕು. ಅವನು ಸುಮ್ಮನೆ ಕೂತರೆ ಗೆಲ್ಲಬಹುದು. ಇಷ್ಟೆಲ್ಲ ಆದ ಮೇಲೂ ನಾನು ಅದನ್ನೇ ಬಯಸುತ್ತಿದ್ದೇನೆ. ನಿನಗೆ ಸುಳ್ಳು ಬರೆಯಲಾರೆ.

ಪುರುಷೋತ್ತಮ


ರಾಜಾಜಿನಗರ
15-6-1976

ಸತ್ಯವತಿಗೆ,

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಿಟ್ಟಿಯನ್ನು ಮೊದಲ ಬೆಂಚಿನ ತುದಿಯಲ್ಲಿ ಕೂರಿಸಿದರು. ಮೇಷ್ಟ್ರು ನಾಗರಾಜು ಎಂಬ ಹುಡುಗ, ಮೀಸೆ ಈಗಷ್ಟೇ ಬಂದಿದೆ. ಹಾಜರಿ ಪುಸ್ತಕ ಆಫೀಸಿನಿಂದ ಬಂದಿರಲಿಲ್ಲವಾಗಿ ನೇರ ಲೆಕ್ಕ ಶುರುಮಾಡಿದರು. ನಾನು ಕಿಟಕಿಯಲ್ಲಿ, ಗಂಗಾಧರಯ್ಯನವರು ಬಾಗಿಲಲ್ಲಿ. ಕಿಟ್ಟಿ ಆಗಾಗ ನನ್ನ ಕಡೆ ನೋಡುತ್ತಿದ್ದ, ನಾನು ಗದ್ದ ಮುಟ್ಟಿಕೊಳ್ಳುತ್ತಿದ್ದೆ, ಅವನು ನುಂಗುತ್ತಿದ್ದ. ಹಳದಿ ಅಂಗಿ ಒಣಗಿತ್ತು. ಗಂಗಾಧರಯ್ಯನವರು ಒಮ್ಮೆ ನನ್ನ ಕಡೆ ತಲೆಯಾಡಿಸಿದರು. ನಾನು ಮನಸ್ಸಿನಲ್ಲಿ ಆಗಲೇ ನಿನಗೆ ತಂತಿ ಬರೆಯುತ್ತಿದ್ದೆ.

ಪೀರಿಯಡ್ ಮುಗಿಯುವ ಹೊತ್ತಿಗೆ ಜವಾನ ಹಾಜರಿ ಪುಸ್ತಕ ತಂದ. ಮೇಷ್ಟ್ರು ಹೆಸರು ಕೂಗತೊಡಗಿದರು. ಒಬ್ಬೊಬ್ಬ ಹುಡುಗ ಎದ್ದು, ಗಂಟಲು ಹರಿಯುವಂತೆ, "ಹಾಜರ್ ಸಾರ್!" ಕಿಟ್ಟಿ ಕೂಗಿದವರ ಕಡೆಗೆಲ್ಲ ಕತ್ತು ತಿರುಗಿಸಿ ನೋಡಿದ. ಕಣ್ಣು ಇಷ್ಟಗಲ. ಅವನು ಇಂಥದ್ದನ್ನು ಎಲ್ಲಿ ಕಂಡಿದ್ದಾನೆ? ಹೆಸರು ಕರೆದರೆ ಕೂಗಬಹುದು, ಯಾರೂ ಬಾಯಿ ಮುಚ್ಚು ಎನ್ನುವುದಿಲ್ಲ.

ಪುಸ್ತಕ ಮುಗಿಯಿತು. ಮೇಷ್ಟ್ರು ಮುಚ್ಚಲು ಹೋದವರು ಕಿಟ್ಟಿಯನ್ನು ನೋಡಿದರು. "ಸಾರ್, ಇವ್ನ ಹೆಸರು?" ಎಂದು ನನ್ನನ್ನು ಕೇಳಿದರು. ಹೇಳಿದೆ. ಪುಸ್ತಕದಲ್ಲಿ ಇಲ್ಲದ ಹೆಸರನ್ನು, ಇದ್ದವರಿಗೆ ಕೂಗಿದಷ್ಟೇ ಜೋರಾಗಿ ಕೂಗಿದರು: "ಕೃಷ್ಣಮೂರ್ತಿ!"

ಕಿಟ್ಟಿ ನುಂಗಿದ. ಗಂಟಲು ಆಡಿದ್ದು ನನಗೆ ಕಾಣಿಸಿತು. ತುಟಿ ಬಿಡಿಸಿದ. ಬಿಡಿಸಿ, ನನ್ನ ಮುಖ ನೋಡಿದ.

ನಾನು ಬೆರಳು ಗದ್ದಕ್ಕೆ ತಂದಿದ್ದರೆ ಸಾಕಿತ್ತು ಸತ್ಯವತಿ. ತುಟಿ ಮುಚ್ಚುತ್ತಿದ್ದ, ಗಂಟೆ ಹೊಡೆಯುತ್ತಿತ್ತು, ಹೆಸರು ದಾಖಲಾಗುತ್ತಿತ್ತು. ಕೈ ಅರ್ಧ ಮೇಲೆ ಬಂದದ್ದೂ ನಿಜ. ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡೆ.

"ಆ... ಆದ... ಸಾ!" ಎಂದ. ಇಡೀ ಕ್ಲಾಸು ತಿರುಗಿ ನೋಡುವಷ್ಟು ಜೋರಾಗಿ. ಅದರ ಜೊತೆಗೆ ಜೊಲ್ಲು ಬಂತು. ಗದ್ದ, ಎದೆ, ಪಕ್ಕದ ಹುಡುಗನ ಸ್ಲೇಟು. "ಅಯ್ಯೋ ಸಾರ್, ನನ್ ಲೆಕ್ಕ ಅಳ್ಸೋಯ್ತು!" ಎಂದು ಆ ಹುಡುಗ ಕೂಗಿದ. ಹಿಂದಿನಿಂದ ಇನ್ನೊಬ್ಬ, "ಹಾಜರ್ ಅಂದ ಸಾರ್ ಅವ್ನು!"

ಗಂಗಾಧರಯ್ಯನವರು ಬಂದು ಎರಡು ಬೆರಳಲ್ಲಿ ಅಂಗಿ ಮುಟ್ಟಿದರು.

"ಒದ್ದೆ ಆಯ್ತಲ್ರೀ."

"ಆಯ್ತು ಸಾರ್."

"ಇಷ್ಟು ಹೊತ್ತೂ ಚೆನ್ನಾಗಿತ್ತು. ಸುಮ್ನೆ ಇದ್ದಿದ್ರೆ ಆಗಿತ್ತು."

"ಹೌದು ಸಾರ್. ಸುಮ್ನೆ ಇದ್ದಿದ್ರೆ ಆಗಿತ್ತು."

"ನಾನೇನ್ ಮಾಡ್ಲಿ ಹೇಳಿ. ಮುಂದಿನ ವರ್ಷ ನೋಡೋಣ."

ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಮನೆಗೆ ತಳ್ಳಿಕೊಂಡು ಬಂದೆ. ದಾರಿಯುದ್ದಕ್ಕೂ ಎದುರು ಬಂದ ಬಸ್ಸಿಗೆ, ನಾಯಿಗೆ, ಪೋಸ್ಟ್‌ಮ್ಯಾನಿಗೆ ಎಲ್ಲರಿಗೂ "ಆದ ಸಾ" ಎಂದ. ನನ್ನ ತೋಳು ಮೊಣಕೈವರೆಗೂ ಒದ್ದೆ.

ಶಾಲೆ ತಪ್ಪಿಸಿದವನು ನಾನು. ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ. ಬೈಯುವುದಾದರೆ ಬೈದು ಬರೆ.

ಪುರುಷೋತ್ತಮ


ಬೀದರ್
22-6-1976

ಇವರಿಗೆ,

ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದೆ. ಅಳು ಬಂತು, ಎಲ್ಲರ ಎದುರಿಗೇ ಅತ್ತೆ. ಯಾಕೆಂದು ಕೇಳಿದವರಿಗೆ ನನ್ನ ಮಗನಿಗೆ ಶಾಲೆ ಸಿಗಲಿಲ್ಲ ಎಂದೆ, ಯಾಕೆ ಸಿಗಲಿಲ್ಲ ಎನ್ನುವುದನ್ನೂ ಹೇಳಿದೆ. ಸಂಜೆ ಮನೆಯೊಡತಿ, "ಯಾಕವ್ವಾ, ಇವತ್ತು ಉಣಂಗಿಲ್ಲೇನು?" ಎಂದಳು. ಎರಡು ರೊಟ್ಟಿ ಹೆಚ್ಚಿಗೇ ತಿಂದೆ.

ಬೈಯುವುದಿಲ್ಲ. ಮುಂದಿನ ವರ್ಷದವರೆಗೆ ಕಾಯುವುದೂ ಇಲ್ಲ. ಮತ್ತೆ ಹೋಗಿ ಗಂಗಾಧರಯ್ಯನವರನ್ನು ಕಾಣಿ. ಸೇರಿಸಿಕೊಳ್ಳಿ ಎಂದು ಬೇಡಬೇಡಿ. ಆ ನಾಗರಾಜು ಮೇಷ್ಟ್ರ ಕ್ಲಾಸಿನಲ್ಲಿ ದಿನಕ್ಕೊಂದು ಪೀರಿಯಡ್ ಕೂರಲಿ, ಹೆಸರು ಇರಲಿ ಬಿಡಲಿ ಎನ್ನಿ. ಇಲ್ಲವೆಂದರೆ ಮಾರನೆಯ ದಿನ ಮತ್ತೆ ಹೋಗಿ. ನಾನೂ ಇಲ್ಲಿಂದ ಇನ್‌ಸ್ಪೆಕ್ಟರಿಗೆ ಇನ್ನೊಂದು ಅರ್ಜಿ ಬರೆದಿದ್ದೇನೆ. ಈ ಸಲ ಮಗನ ವಿಷಯ ಮೊದಲ ಸಾಲಿನಲ್ಲೇ ಇದೆ. ಇನ್ನೊಂದು ಮೆಮೋ ಬಂದರೆ ಬರಲಿ.

ಮೇಷ್ಟ್ರು ಕರೆದರು, ಕಿಟ್ಟಿ ಹಾಜರ್ ಅಂದ. ಬರೆದುಕೊಳ್ಳದೆ ಹೋದದ್ದು ಅವರು.

ದಿನಾ ಶಾಲೆಗೆ ಹೋಗುವುದಾದರೆ ಎದೆಗೆ ಕಟ್ಟಲು ಮೆತ್ತನೆಯ ಬಟ್ಟೆ ತುಂಬಾ ಬೇಕಾಗುತ್ತದೆ. ಟ್ರಂಕಿನ ತಳದಲ್ಲಿ ನನ್ನ ನೀಲಿ ವಾಯಿಲ್ ಸೀರೆ ಇದೆ. ಹರಿಯಲು ಅಮ್ಮ ಒಪ್ಪುವುದಿಲ್ಲ. ನೀವೇ ಹರಿಯಿರಿ.

ಸತ್ಯವತಿ